ಊರಿನಲ್ಲಿ ತೀರಿಕೊಂಡ ತಂದೆಗೆ ಇಲ್ಲಿ ಪೂಜೆ ಮಾಡಿಸುವುದು ಹೇಗೆ

ಪರದೇಶಕ್ಕೆ ಬಂದು ಮೂರು ತಿಂಗಳಾಗಿಲ್ಲ, ಅಷ್ಟರಲ್ಲೇ ತಂದೆ ತೀರಿಕೊಂಡರು, ಮಣ್ಣಿಗೂ ಹೋಗಲಾಗಲಿಲ್ಲ ಎಂದು ಬರೆದಿದ್ದೀರಿ. ದಿನವೂ ಜಪಸರ ಹಿಡಿಯುತ್ತಿದ್ದ, ಮನೆಮಂದಿಗಾಗಿಯೇ ಬದುಕಿದ ಕಥೋಲಿಕ ಅವರು. ಇಲ್ಲಿನ ಚರ್ಚಿನಲ್ಲಿ ಪೂಜೆ ಮಾಡಿಸಿ ಅವರ ಬಗ್ಗೆ ನಾಲ್ಕು ಮಾತಾಡಬೇಕು, ಎಲ್ಲಿಂದ ಶುರು ಮಾಡಲಿ ಎಂಬುದು ನಿಮ್ಮ ಪ್ರಶ್ನೆ. ಪ್ರಭು ಅವರಿಗೆ ನಿತ್ಯಶಾಂತಿ ಕೊಡಲಿ. ದೇಹ ಅಲ್ಲೇ ಮಣ್ಣಾಯಿತು, ಇನ್ನು ಇಲ್ಲಿ ಏನು ಮಾಡಲಾದೀತು ಎಂದು ಕೈಚೆಲ್ಲಬೇಡಿ. ಸಾವಿನ ಸುದ್ದಿ ತಲುಪಿದ ಮೇಲೆ ಅರ್ಪಿಸುವ ಪೂಜೆಗೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ನಿಯಮದಲ್ಲೇ ಜಾಗವಿದೆ. ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬಿಟ್ಟರೆ ಸಾಮಾನ್ಯ ವಾರದ ದಿನಗಳಲ್ಲಿ ಅದನ್ನು ಮಾಡಿಸಬಹುದು.

ಭಾನುವಾರ ಪೂಜೆ ಮುಗಿದು ಬಾಗಿಲಲ್ಲಿ ಎಲ್ಲರ ಕೈ ಕುಲುಕುತ್ತಿರುವ ಫಾದರ್ ಹತ್ತಿರ ಈ ಮಾತು ಎತ್ತಬೇಡಿ, ಅವರಿಗೆ ನೆನಪಿರುವುದಿಲ್ಲ. ಧರ್ಮಕೇಂದ್ರದ (ನಿಮ್ಮ ಚರ್ಚಿನ) ಕಚೇರಿಗೆ ಫೋನ್ ಮಾಡಿ ಅಥವಾ ಮೇಲ್ ಬರೆಯಿರಿ. ತಂದೆಯ ಹೆಸರು, ತೀರಿಕೊಂಡ ದಿನ, ಊರಿನಲ್ಲಿ ಅಂತ್ಯಕ್ರಿಯೆ ಆಗಿದೆ ಎಂಬ ವಿಷಯ, ಸುಮಾರು ಎಷ್ಟು ಜನ ಬರಬಹುದು, ಇಷ್ಟು ಸಾಕು. ನಿಮಗೆ ಬೇಕಿರುವುದು ಬೇರೆಯದೇ ಪೂಜೆಯೋ, ದಿನದ ಪೂಜೆಯಲ್ಲೇ ಅವರ ಉದ್ದೇಶಕ್ಕಾಗಿ ಪ್ರಾರ್ಥನೆಯೋ ಎಂದು ಸ್ಪಷ್ಟವಾಗಿ ಹೇಳಿ. ಎರಡನೆಯದು ಸುಲಭ, ಭಾನುವಾರವೂ ಆಗುತ್ತದೆ, ಆದರೆ ಬೈಬಲ್‌ನಿಂದ ಓದುವ ಅವತ್ತಿನ ವಾಚನಗಳೇ ಇರುತ್ತವೆ, ನೀವು ಆರಿಸುವಂತಿಲ್ಲ. ಸಾಮಾನ್ಯವಾಗಿ ಒಂದು ಪೂಜೆಗೆ ಒಂದೇ ಕಾಣಿಕೆ ಎಂಬ ನಿಯಮವಿರುವುದರಿಂದ ಕೆಲವು ಕಡೆ ಪೂಜೆಯ ಪುಸ್ತಕ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತದೆ. ಹೊಸ ಜಾಗದಲ್ಲಿ ಕೈ ಬಿಗಿಯಾಗಿದ್ದರೆ ಸಂಕೋಚಪಡಬೇಡಿ. ಬಡವರ ಉದ್ದೇಶಕ್ಕೆ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಬೇಕೆಂದು ಧರ್ಮಸಭೆಯ ಕಾನೂನು ಗುರುಗಳಿಗೆ ಒತ್ತಿ ಹೇಳುತ್ತದೆ.

ವಾಚನಗಳನ್ನು ಆರಿಸುವಾಗ ಎರಡು ಕಡೆ ಜನ ಎಡವುತ್ತಾರೆ. ಜ್ಞಾನಗ್ರಂಥದ 3ನೇ ಅಧ್ಯಾಯದ 1ರಿಂದ 9 ಇಂಥ ಪೂಜೆಗೆ ತುಂಬ ಒಪ್ಪುತ್ತದೆ, ಆದರೆ ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ ಆ ಗ್ರಂಥವೇ ಇರುವುದಿಲ್ಲ. ಓದುವವರು ಬೇರೆ ಸಭೆಯವರಾದರೆ ಪುಟವನ್ನು ಮೊದಲೇ ಕೈಗೆ ಕೊಡಿ. ಇನ್ನೊಂದು ಕೀರ್ತನೆಯ ಸಂಖ್ಯೆ: ನಮ್ಮ ಬೈಬಲ್‌ನ 23ನೇ ಕೀರ್ತನೆ ಕೆಲವು ಆರಾಧನಾ ಪುಸ್ತಕಗಳಲ್ಲಿ 22 ಆಗಿರುತ್ತದೆ. ಸಂಖ್ಯೆ ಮಾತ್ರ ಹೇಳದೆ ಮೊದಲ ಸಾಲನ್ನೂ ಬರೆದು ಕಳಿಸಿ. ಶುಭಸಂದೇಶಕ್ಕೆ ಯೊವಾನ್ನ 14:1–6 ಎಲ್ಲರೂ ಆರಿಸುವುದು. ಹಸಿದವರಿಗೆ ಉಣಬಡಿಸಿದ, ರೋಗಿಗಳ ಹತ್ತಿರ ಹೋಗಿ ಕೂತ ಮನುಷ್ಯ ಅವರಾಗಿದ್ದರೆ ಮತ್ತಾಯ 25:31–46 ಹೆಚ್ಚು ನಿಜವಾಗಿ ಕೇಳಿಸುತ್ತದೆ.

ಇನ್ನು ಮಾತಿನ ವಿಷಯ. ಶುಭಸಂದೇಶದ ನಂತರ ಗುರುಗಳು ಮಾಡುವ ಪ್ರಬೋಧನೆಯಲ್ಲಿ ತಂದೆಯ ಗುಣಗಾನ ಬರಲಿಲ್ಲವೆಂದು ನೊಂದುಕೊಳ್ಳಬೇಡಿ. ಅಂತ್ಯಕ್ರಿಯೆಯ ಪೂಜೆಯಲ್ಲಿ ಪ್ರಬೋಧನೆ ಶ್ರದ್ಧಾಂಜಲಿ ಭಾಷಣವಾಗಬಾರದೆಂದು ನಿಯಮವೇ ಇದೆ, ನೆನಪಿನ ಪೂಜೆಯಲ್ಲೂ ಗುರುಗಳು ಅದನ್ನೇ ಪಾಲಿಸುತ್ತಾರೆ. ಅಲ್ಲಿ ಸಾರುವುದು ಕ್ರಿಸ್ತರ ಪುನರುತ್ಥಾನವನ್ನು. ಮನೆಯವರ ಮಾತಿಗೆ ಸಿಗುವ ಜಾಗ ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದ ಮೇಲೆ, ಅದೂ ಗುರುಗಳು ಒಪ್ಪಿದರೆ, ಅದೂ ಒಬ್ಬರಿಗೆ. ನಾಲ್ಕು ನಿಮಿಷ ಸಿಕ್ಕೀತು ಎಂದುಕೊಳ್ಳಿ. ದುಃಖದಲ್ಲಿರುವವರು ಕನ್ನಡವನ್ನು ನಿಮಿಷಕ್ಕೆ 80 ಪದಕ್ಕಿಂತ ವೇಗವಾಗಿ ಓದುವುದು ಕಷ್ಟ, ಹಾಗಾಗಿ 320 ಪದಕ್ಕೆ ನಿಲ್ಲಿಸಿ. ಎರಡು ಭಾಷೆಯಲ್ಲಿ ಹೇಳುವುದಾದರೆ ಅದರಲ್ಲೇ ಅರ್ಧ. ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಅಚ್ಚು ಹಾಕಿಸಿ, ಇನ್ನೊಂದು ಪ್ರತಿ ಮುಂದಿನ ಬೆಂಚಿನಲ್ಲಿ ಕೂತ ಒಬ್ಬರ ಕೈಯಲ್ಲಿರಲಿ. ನಿಮ್ಮ ಗಂಟಲು ಕಟ್ಟಿದರೆ ಅವರು ನಿಂತ ಸಾಲಿನಿಂದ ಮುಂದುವರಿಸಲಿ.

ಏನು ಬರೆಯಬೇಕು? ‘ದೈವಭಕ್ತರು, ಪ್ರೀತಿಯ ತಂದೆ, ಸರಳ ಜೀವಿ’ — ಈ ಮೂರು ಮಾತು ಯಾವ ತಂದೆಗೂ ಒಪ್ಪುತ್ತವೆ, ಆದ್ದರಿಂದ ನಿಮ್ಮ ತಂದೆ ಅದರಲ್ಲಿ ಕಾಣುವುದಿಲ್ಲ. ಭಕ್ತಿ ಅವರ ಕೈಯಲ್ಲಿ ಹೇಗಿತ್ತು ಎಂದು ನೋಡಿ. ಊರಿಗೆ ಫೋನ್ ಮಾಡಿ ಅವರ ಪ್ರಾರ್ಥನಾ ಪುಸ್ತಕದ ಫೋಟೊ ತರಿಸಿಕೊಳ್ಳಿ: ಯಾವ ಪುಟದ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿದೆ, ಯಾವ ಪ್ರಾರ್ಥನೆಯ ಪಕ್ಕ ಪೆನ್ಸಿಲ್‌ನಲ್ಲಿ ಮಕ್ಕಳ ದೀಕ್ಷಾಸ್ನಾನದ ತಾರೀಕು ಬರೆದಿದ್ದಾರೆ, ನಡುವೆ ಯಾರ ಮರಣದ ನೆನಪಿನ ಚೀಟಿ ಇಟ್ಟಿದ್ದಾರೆ. ಅಮ್ಮನನ್ನು ಕೇಳಿ, ಜಪಸರದ ಕೊನೆಗೆ ಯಾರ ಯಾರ ಹೆಸರು ಹೇಳುತ್ತಿದ್ದರು, ಯಾವ ಕ್ರಮದಲ್ಲಿ. ಇಂಥ ಎರಡು ವಿವರ ಸಿಕ್ಕರೆ ಭಾಷಣ ಮುಕ್ಕಾಲು ಆಯಿತು. ಅವರು ಆಗಲೇ ಸ್ವರ್ಗ ಸೇರಿದ್ದಾರೆ ಎಂದು ಖಚಿತವಾಗಿ ಸಾರಬೇಡಿ. ಅವರ ಆತ್ಮಕ್ಕಾಗಿ ಪ್ರಾರ್ಥಿಸಲು ಸೇರಿರುವ ಪೂಜೆ ಅದು, ಹಾಗಾಗಿ ಪ್ರಾರ್ಥನೆ ಕೇಳಿಯೇ ಮಾತು ಮುಗಿಸಿ. ಉಳಿದ ನೆನಪುಗಳನ್ನೆಲ್ಲ ಹಿಂದಿನ ಸಂಜೆ ಮನೆಯ ಜಪಸರದ ನಂತರ ಹೇಳಿಕೊಳ್ಳಿ, ಅಲ್ಲಿ ಗಡಿಯಾರ ನೋಡುವವರಿಲ್ಲ.

ಪೂಜೆಯ ಕಿರುಪುಸ್ತಕ ಮಾಡಿಸುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು, ಒಂದು ಹಾಳೆ ಮಡಚಿದರೆ ನಾಲ್ಕು ಪುಟ. ಇಲ್ಲಿನ ಅಚ್ಚಿನವರಿಗೆ ವರ್ಡ್ ಫೈಲ್ ಕಳಿಸಬೇಡಿ. ಅವರ ಯಂತ್ರದಲ್ಲಿ ಕನ್ನಡ ಫಾಂಟ್ ಇರದಿದ್ದರೆ ‘ಸ್ತೋತ್ರ’ದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ಬಿದ್ದು ಓದಲಾಗದಂತಾಗುತ್ತದೆ. ಫಾಂಟ್ ಒಳಗೊಂಡ ಪಿಡಿಎಫ್ ಕಳಿಸಿ, ಮೊದಲ ಪ್ರತಿಯಲ್ಲಿ ‘ಕ್ರಿಸ್ತ’, ‘ಸ್ತೋತ್ರ’, ‘ಪ್ರಾರ್ಥನೆ’ ಮೂರನ್ನೂ ನೋಡಿಯೇ ಒಪ್ಪಿಗೆ ಕೊಡಿ. ತಂದೆಯ ಫೋಟೊವನ್ನು ಬಲಿಪೀಠದ ಮೇಲೆ ಇಡಬೇಡಿ. ಪಕ್ಕದಲ್ಲಿ ಸಣ್ಣ ಮೇಜು ಹಾಕಬಹುದೇ ಎಂದು ಕಚೇರಿಯಲ್ಲಿ ಕೇಳಿ.

ಊರಿನವರು ಆನ್‌ಲೈನ್‌ನಲ್ಲಿ ನೋಡುವಂತಿದ್ದರೆ ಇಲ್ಲಿನ ಗಂಟೆ ಮಾತ್ರ ಹೇಳಬೇಡಿ, ಭಾರತದ ಸಮಯವನ್ನೂ ಬರೆಯಿರಿ. ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಆ ವಾರ ಒಂದು ಗಂಟೆ ತಪ್ಪಿ, ಅಮ್ಮ ಫೋನ್ ತೆರೆಯುವಷ್ಟರಲ್ಲಿ ಪೂಜೆ ಮುಗಿದಿರುತ್ತದೆ. ನೇರ ಪ್ರಸಾರ ಚರ್ಚಿನದೇ ಇದ್ದರೆ ಒಳ್ಳೆಯದು. ಮೊಬೈಲ್‌ನಲ್ಲಿ ಮಾಡುವುದಾದರೆ ಮುಂಚಿತವಾಗಿ ಅನುಮತಿ ಕೇಳಿ, ದೂರದಿಂದ ದನಿ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಧ್ವನಿವರ್ಧಕದ ಹತ್ತಿರವೇ ನಿಲ್ಲಿಸಿ.

ಪುಸ್ತಕ ತುಂಬಿದೆ, ಬೇಗ ದಿನ ಸಿಗದು ಎಂದರೆ ಸಿಕ್ಕ ದಿನವನ್ನು ಬರೆಸಿಡಿ. ನವೆಂಬರ್ 2 ಮೃತರೆಲ್ಲರ ಸ್ಮರಣೆಯ ದಿನ. ಆ ತಿಂಗಳು ಅನೇಕ ಚರ್ಚುಗಳಲ್ಲಿ ಮೃತರ ಹೆಸರು ಬರೆಯುವ ಪುಸ್ತಕ ಇಡುತ್ತಾರೆ, ಅದರಲ್ಲಿ ತಂದೆಯ ಹೆಸರನ್ನು ಕನ್ನಡದಲ್ಲೂ ಬರೆಯಿರಿ.