ಬರಿಯ ಅಲ್ಯೂಮಿನಿಯಂ ಮೇಲೆ ಅಕ್ಷರ ಏಕೆ ನಿಲ್ಲುವುದಿಲ್ಲ

40 ವಾಟ್‌ನ ಸಿಒ2 (ಕಾರ್ಬನ್ ಡೈಆಕ್ಸೈಡ್ ಅನಿಲದ) ಲೇಸರ್‌ನಲ್ಲಿ ಆಂಪ್ಲಿಫೈಯರ್‌ನ ಅಲ್ಯೂಮಿನಿಯಂ ಪ್ಯಾನೆಲ್ ಮೇಲೆ ಅಕ್ಷರವೇ ಮೂಡುತ್ತಿಲ್ಲ ಎಂದು ಕೇಳಿದ್ದೀರಿ. ತಪ್ಪು ನಿಮ್ಮದಲ್ಲ. ಆ ಲೇಸರ್‌ನ 10.6 ಮೈಕ್ರಾನ್ ತರಂಗವನ್ನು ಬರಿಯ ಅಲ್ಯೂಮಿನಿಯಂ ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ವೇಗ ತಗ್ಗಿಸಿ ಪ್ರಯೋಜನವಿಲ್ಲ. ಹಾಗೆ ಹಿಂದಕ್ಕೆ ಬರುವ ಕಿರಣದಿಂದ ಕಣ್ಣಿನ ಬಗ್ಗೆ ಮಾತ್ರ ಎಚ್ಚರವಿರಲಿ.

ನನ್ನ ಸಲಹೆ: ಮೊದಲು ತೂತು ಕೊರೆದು, ಅಂಚು ಉಜ್ಜಿ, ಪ್ಯಾನೆಲ್ಲಿಗೆ ಕಪ್ಪು ಆನೊಡೈಸಿಂಗ್ (ವಿದ್ಯುತ್ತಿನಿಂದ ಮೇಲ್ಮೈಯಲ್ಲಿ ಆಕ್ಸೈಡ್ ಪದರ ಬೆಳೆಸಿ, ಅದಕ್ಕೆ ಬಣ್ಣ ಹೀರಿಸುವುದು) ಮಾಡಿಸಿ. ಬೆಂಗಳೂರಿನವರಾದರೆ ಪೀಣ್ಯದಲ್ಲಿ ಈ ಕೆಲಸ ಮಾಡುವವರು ಸಿಗುತ್ತಾರೆ. ಆಮೇಲೆ ನಿಮ್ಮ ಅದೇ ಯಂತ್ರ ಸಾಕು. ಆಕ್ಸೈಡ್ ಪದರದ ರಂಧ್ರಗಳಲ್ಲಿರುವ ಬಣ್ಣವನ್ನಷ್ಟೇ ಲೇಸರ್ ಸುಡುತ್ತದೆ, ಬೂದು ಬಿಳಿಯ ಅಕ್ಷರ ಉಳಿಯುತ್ತದೆ. ನಾನು ಮಾಡಿದ ಫಲಕದ ಮೇಲೆ ಉಗುರು ಎಳೆದರೂ ಅಕ್ಷರದ ಅಂಚು ಕೈಗೆ ಹತ್ತುವುದಿಲ್ಲ. ಥಿನ್ನರ್‌ನಲ್ಲಿ ಒರೆಸಿದರೂ ಜಗ್ಗಲಿಲ್ಲ.

ಲೋಹದ ಬಣ್ಣವೇ ಬೇಕೆಂದು ಹಟವಿದ್ದರೆ ಬರಿಯ ಲೋಹವನ್ನೂ ಕೊರೆಯಬಲ್ಲ ಫೈಬರ್ ಲೇಸರ್ ಇರುವವರಿಂದ 0.1 ಮಿಲಿಮೀಟರ್‌ನಷ್ಟು ಆಳ ಕೊರೆಸಿ, ಎಪಾಕ್ಸಿ ಬಣ್ಣ ತುಂಬಿ, ಮೇಲಿನದನ್ನು ಒರೆಸಿ ತೆಗೆಯಿರಿ. ಅದೇ ಲೇಸರ್‌ನಿಂದ ಮೇಲ್ಮೈಯಲ್ಲಷ್ಟೇ ಕಪ್ಪಾಗಿಸುವ ಗುರುತು ನೋಡಲು ಚೆಂದ, ಆದರೆ ನಾಬ್ ತಿರುಗಿಸುವ ಬೆರಳು ಪದೇ ಪದೇ ತಾಗುವ ಕಡೆ ಸವೆಯುತ್ತದೆ. ಹಾಗೆ ಗುರುತಿಸಿದ ಮೇಲೆ ಆನೊಡೈಸಿಂಗ್‌ಗೆ ಕಳುಹಿಸಬೇಡಿ, ಅಲ್ಲಿನ ಕಾಸ್ಟಿಕ್ (ತೀಕ್ಷ್ಣ ಕ್ಷಾರದ) ತೊಟ್ಟಿ ಅದನ್ನೂ ತಿಂದುಬಿಡುತ್ತದೆ.