ಫ್ಲೂ ಯಾರಿಗೆ ಹೆಚ್ಚು ಅಪಾಯಕಾರಿ?

ಮೂಡಿಗೆರೆಯ ತೋಟದ ಮನೆಯಲ್ಲಿರುವ 70 ವರ್ಷದ ತಾಯಿಗೆ ಫ್ಲೂ ಬಂದರೆ ಎಷ್ಟು ಹೆದರಬೇಕು ಎಂದು ಕೇಳಿದ್ದೀರಿ. 65 ದಾಟಿದ ವಯಸ್ಸೇ ದೊಡ್ಡ ಅಪಾಯ. ಜೊತೆಗೆ ಸಕ್ಕರೆ ಕಾಯಿಲೆ, ಹೃದ್ರೋಗ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಅದು ಇನ್ನೂ ಹೆಚ್ಚುತ್ತದೆ. ಗರ್ಭಿಣಿಯರೂ ಪುಟ್ಟ ಮಕ್ಕಳೂ ಇದೇ ಸಾಲಿಗೆ ಸೇರುತ್ತಾರೆ.

ನಮ್ಮ ಮಲೆನಾಡಿನಲ್ಲಿ ಸುಲಭವಾಗಿ ಕಣ್ತಪ್ಪುವುದು ಒಲೆಯ ಹೊಗೆ. ಬೀಡಿ ಮುಟ್ಟದ ಹೆಂಗಸರಿಗೂ, ಹತ್ತಾರು ವರ್ಷ ಹಸಿ ಸೌದೆಯ ಒಲೆಯ ಮುಂದೆ ಕೂತು ಊದುಗೊಳವೆ ಊದಿದ್ದರಿಂದ ಶ್ವಾಸನಾಳಗಳು ಕಿರಿದಾಗಿರಬಹುದು. ಮನೆಯವರು ಮಳೆಗಾಲದ ಕೆಮ್ಮೆಂದು ಕಡೆಗಣಿಸಿದ್ದು ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೇ ಆಗಿದ್ದರೆ, ಫ್ಲೂ ನ್ಯುಮೋನಿಯಾಗೆ ತಿರುಗುವ ಸಂಭವ ಹೆಚ್ಚು. ಇಂಥವರು ಜ್ವರ ಬಂದಾಗ ಕಷಾಯದಲ್ಲೇ ದಿನ ಕಳೆಯಬಾರದು. ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಆರಂಭಿಸಿದರೆ ಫಲ ಹೆಚ್ಚು. ಆದ್ದರಿಂದ ಆಸ್ಪತ್ರೆಯ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೊದಲ ದಿನವೇ ವೈದ್ಯರಿಗೆ ತೋರಿಸಿ.