ಹೊರಗೋಡೆಯ ಬಣ್ಣ ಹಪ್ಪಳದಂತೆ ಏಳುತ್ತಿದೆ

ಪ್ರಶ್ನೆ: ನಮ್ಮದು ಮಲೆನಾಡಿನ ಮನೆ. ಎರಡು ವರ್ಷದ ಹಿಂದೆ ಹೊಡೆಸಿದ ಬಣ್ಣ ಪಶ್ಚಿಮದ ಗೋಡೆಯಲ್ಲಿ ಏಳುತ್ತಿದೆ, ಪಾಚಿಯೂ ಕಟ್ಟಿದೆ. ಈಗ ಅದರ ಮೇಲೆಯೇ ಎರಡು ಕೋಟ್ ಹೊಡೆಸಿದರೆ ಸಾಕೇ?

ಉತ್ತರ: ಸಾಲದು. ಹೊಸ ಬಣ್ಣ ಹಳೆಯದನ್ನೇ ಹಿಡಿದುಕೊಳ್ಳುತ್ತದೆ. ಅದು ಉದುರಿದರೆ ಇದೂ ಉದುರುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಸಜ್ಜಾದ ಮೇಲ್ಭಾಗ, ಒಡೆದ ಪೈಪು, ಕಿಟಕಿ ಚೌಕಟ್ಟಿನ ಸಂದು. ಅನುಮಾನವಿದ್ದಲ್ಲಿ ಎರಡಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮರುದಿನ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಹಸಿ. ಆಗ ಬಣ್ಣದ ಡಬ್ಬ ತೆರೆಯಲೇಬೇಡಿ.

ಕುಶಲ ಪೇಂಟರುಗಳ ಅರ್ಧಕ್ಕಿಂತ ಹೆಚ್ಚು ಸಮಯ ಹೋಗುವುದು ತಯಾರಿಗೇ. ಸಡಿಲ ಪದರವನ್ನೆಲ್ಲ ಲೋಹದ ಪಟ್ಟಿಯಿಂದ ಕೆರೆದು, ತಂತಿ ಬ್ರಷ್ ಆಡಿಸುತ್ತಾರೆ. ಪಾಚಿಗೆ ಒಂದು ಪಾಲು ದ್ರವ ಬ್ಲೀಚಿಗೆ ಮೂರು ಪಾಲು ನೀರು ಬೆರೆಸಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಬೇಕು (ಕೈಗವಸು ಮರೆಯಬೇಡಿ, ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ). ಬರೀ ಉಜ್ಜಿದರೆ ಕಣ್ಣಿಗೆ ಕಾಣದ ಪಾಚಿ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಕೂದಲೆಳೆಗಿಂತ ದಪ್ಪದ ಬಿರುಕನ್ನು ವಿ ಆಕಾರಕ್ಕೆ ಅಗಲಿಸಿ, ಹೊರಗೋಡೆಯ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಬೇಡ, ನೀರು ತಾಗಿದರೆ ಮೆತ್ತಗಾಗುತ್ತದೆ.

ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ (ಹೊರಗೋಡೆಗೆ ಬಣ್ಣಕ್ಕೂ ಮೊದಲು ಹಚ್ಚುವ ತಳಪದರ) ಒಂದು ಕೋಟ್, ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಬಣ್ಣ) ಎರಡು ಕೋಟ್, ನಡುವೆ ಕನಿಷ್ಠ ನಾಲ್ಕು ಗಂಟೆ. ನೀರು ಡಬ್ಬದ ಮೇಲೆ ಬರೆದಷ್ಟೇ. ಬಣ್ಣ ಉಳಿಸಲು ಜಾಸ್ತಿ ನೀರು ಹಾಕುವುದೇ ಎಲ್ಲ ಕಡೆ ನಡೆಯುವ ಮೋಸ. ಗೋಡೆಗೆ ಬಿಸಿಲು ಬಿದ್ದಾಗ ಬೇಡ, ನೆರಳಿರುವಾಗ ಹೊಡೆಸಿ. ನಿಮ್ಮ ಕಡೆಗೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.